ಮಲ್ಲಿಗೆಯ ಬಣ್ಣ

6-1-97, ಸೋಮವಾರ

ಡೈರಿಗೆ ಹಾಲು ಹಾಕಿ ಬಂದೆ. ಕಾಫಿ ಆರಿಹೋಗಿತ್ತು, ಹಾಗೇ ಕುಡಿದೆ. ಚಿನ್ನು ಎರಡು ಜಡೆ ಹಾಕು ಅಂತ ಪ್ರಾಣ ತಿಂದು ಸ್ಕೂಲಿಗೆ ಹೋದಳು. ಅಂಗನವಾಡಿ ಬಾಗಿಲು ತೆಗೆಯೋಕೆ ಇನ್ನೂ ಸ್ವಲ್ಪ ಹೊತ್ತಿದೆ. ಕೂತು ಬರೆಯೋಣ ಅಂದರೆ ತೊಡೆ ಮೇಲೆ ಮಲ್ಲಿಗೆ. ತಳ್ಳಿದರೆ ಮತ್ತೆ ಹತ್ತುತ್ತೆ. ಅತ್ತೆ ಸ್ನಾನಕ್ಕೆ ಹೋಗಿದ್ದಾರೆ, ಅದಕ್ಕೇ ನನ್ನ ಮೇಲೆ ಇಷ್ಟು ಪ್ರೀತಿ. ಅತ್ತೆ ಬಂದ ತಕ್ಷಣ ನಾನು ಯಾರೋ, ಅದು ಯಾರೋ.

ನಾಳೆ ಅತ್ತೆ ಹೊರಡುತ್ತಾರೆ. ಶ್ರೀರಂಗಪಟ್ಟಣದಲ್ಲಿ ನಾದಿನಿ ಪುಟ್ಟಲಕ್ಷ್ಮಿ ಮನೆಯಲ್ಲಿದ್ದುಕೊಂಡು ಮೈಸೂರಿನಲ್ಲಿ ಒಂದು ಕಣ್ಣಿಗೆ ಆಪರೇಷನ್. ಕಣ್ಣಿನ ಒಳಗೇ ಲೆನ್ಸ್ ಕೂರಿಸುತ್ತಾರಂತೆ. ವರ್ಷಗಟ್ಟಲೆ ಹೇಳಿ ಹೇಳಿ ನಮ್ಮ ಬಾಯಿ ಸವೆದಿತ್ತು. 'ಮಣ್ಣಿಗೋಗೋ ಕಣ್ಣು, ಕುಯ್ಸ್ಕಂಡು ಏನ್ ಮಾಡನೆ' ಅನ್ನೋರು. ಈಗ ಒಪ್ಪಿದ್ದು ಮಗನಿಗಾಗಿ ಅಲ್ಲ, ಸೊಸೆಗಾಗಿ ಅಲ್ಲ, ಮೊಮ್ಮಗಳಿಗಾಗಿಯೂ ಅಲ್ಲ. ಬೆಕ್ಕಿಗಾಗಿ. 'ಮಲ್ಲಿಗೆ ಮೊಕ ಒಂದ್ಕಿತ ಕಣ್ತುಂಬ ನೋಡ್ಬೇಕು ಕಣವ್ವ, ಆಮೇಕೆ ಏನಾರ ಆಗ್ಲಿ.' ನನಗೆ ಸ್ವಲ್ಪ ಹೊಟ್ಟೆ ಉರಿದದ್ದು ನಿಜ.

ಒಪ್ಪಿದ್ದು ಸಂತೋಷವೇ. ಆದರೆ ಈ ಮನೆಯ ಪೀಕಲಾಟ ಈಗ ಶುರು. ಮಲ್ಲಿಗೆ ಕಪ್ಪು. ಮಸಿಕಪ್ಪು. ಹೊಟ್ಟೆ ಕೆಳಗೆ ಹುಡುಕಿದರೂ ಒಂದು ಬಿಳಿ ಕೂದಲಿಲ್ಲ. ಅತ್ತೆಯ ಮನಸ್ಸಿನಲ್ಲಿ ಮಾತ್ರ ಅದು ಹೂವಿನಷ್ಟು ಬಿಳಿ.

ಇವರನ್ನು ಕೇಳಿದೆ — ಏನ್ರೀ ಮಾಡೋದು? ನಗ್ತಾರೆ. 'ಅಬ್ಬುಕ್ಕೆ ಅಂತ ಸುಣ್ಣ ತಂದಿವ್ನಲ್ಲ, ಗೋಡೇಗ್ ಬಳ್ದು ಮಿಕ್ಕುದ್ರಲ್ಲಿ ಅದುಕ್ಕೂ ಒಂದು ಕೈ ಒಡ್ದುಬುಡಣ ಬುಡು.' ಈ ಮನುಷ್ಯನಿಗೆ ಯಾವುದೂ ತಲೆನೋವಲ್ಲ. ಸುಳ್ಳು ಹೇಳುವವರು ಇವರು, ನಿದ್ದೆ ಕೆಡುವುದು ನನಗೆ.

7-1-97

ಬೆಳಗಿನ ಬಸ್ಸಿಗೆ ಹೋದರು. ತಾಯಿ ಮಗ ಇಬ್ಬರೂ. ಹೊರಡುವ ಮುಂಚೆ ಅತ್ತೆ ಜಗುಲಿ ಮೇಲೆ ಮಲ್ಲಿಗೆಯನ್ನು ತೊಡೆಯಲ್ಲಿಟ್ಟುಕೊಂಡು ನನಗೆ ಪಾಠ ಮಾಡಿದರು.

'ಬಿಸಿಮುದ್ದೆ ಆಕ್ಬ್ಯಾಡ, ನಾಲ್ಗೆ ಸುಟ್ಕತದೆ. ಆಲಲ್ಲಿ ಕಿವುಚಿ, ಬೆಳ್ಳಲ್ಲಿ ಮುಟ್ಟಿ ನೋಡಿ ಆಕು. ನನ್ ಕಂಬ್ಳಿ ಒಗೀಬ್ಯಾಡ, ವಾಸ್ನೆ ಓಯ್ತದೆ, ಮಲೀಕಳಕಿಲ್ಲ ಅದು. ಆ ಕರೀ ಬೆಕ್ಕು ಬಂದ್ರೆ ಕಡ್ಡೀಲಿ ಬುಡು ಒಂದ. ನನ್ ಮಲ್ಲಿಗೆ ಪಾಲ್ನೆಲ್ಲ ತಿಂದ್ಕಂಡೋಯ್ತದೆ, ಮೂದೇವಿ.'

ಮೂದೇವಿ ಅಂತ ಬೈಯುತ್ತಲೇ ಆ ಕರೀ ಬೆಕ್ಕಿನ ಗಲ್ಲ ಸವರುತ್ತಿದ್ದರು. ಅದು ಕಣ್ಣು ಮುಚ್ಚಿ ಗುರುಗುರು ಅಂತಿತ್ತು. ನಾನು ನಗು ತಡೆಯೋಕೆ ಒಳಗೆ ಹೋಗಿಬಿಟ್ಟೆ.

ಬಸ್ಸು ಹೋದ ಮೇಲೆ ಮಲ್ಲಿಗೆ ಅತ್ತೆಯ ಮಂಚದ ಕೆಳಗೆ ನೋಡಿತು. ಬಚ್ಚಲಿಗೆ ಹೋಗಿ ನೋಡಿತು. ಹಿತ್ತಲಿಗೆ ಹೋಯ್ತು. ಬಂದು ನನ್ನ ಮುಖ ನೋಡಿ ಒಂದೇ ಸಲ ಕೂಗಿತು. ನಾನೇನು ಹೇಳಲಿ ಅದಕ್ಕೆ... ಹೇಳಿದೆ. 'ಬರ್ತಾರೆ, ಸುಮ್ನಿರು.' ನಾಗಮಂಗಲದಲ್ಲಿ ನಮ್ಮಪ್ಪ ನೋಡಿದ್ದರೆ ನಗುತ್ತಿದ್ದರು. ಮಗಳು ಬೆಕ್ಕಿಗೆ ಸಮಾಧಾನ ಹೇಳ್ತಾಳೆ ಅಂತ.

9-1-97

ಇವರು ವಾಪಸ್ ಬಂದರು. ಆಪರೇಷನ್ ಆಯ್ತು. ಪಟ್ಟಿ ಕಟ್ಟಿದ್ದಾರೆ. ನೋವಿಲ್ಲವಂತೆ. ಪುಟ್ಟಲಕ್ಷ್ಮಿ ನೋಡಿಕೊಳ್ಳುತ್ತಾಳೆ. ಈ ತಿಂಗಳ ಕೊನೆಯವರೆಗೂ ಅಲ್ಲೇ.

ಅಂಗನವಾಡಿಯಲ್ಲಿ ಇವತ್ತು ಗಲಾಟೆ ಜಾಸ್ತಿ. ತಲೆನೋವು. ಮಲಗುತ್ತೇನೆ.

12-1-97, ಭಾನುವಾರ

ಸಂಜೆ ಟಿವಿಯಲ್ಲಿ ಸಿನಿಮಾ. ಮಲ್ಲಿಗೆ ಎಂದಿನಂತೆ ಟಿವಿ ಮೇಲೆ. ಬಿಸಿ ಇರುತ್ತಲ್ಲ, ಅದಕ್ಕೆ. ಬಾಲ ಮಾತ್ರ ಪರದೆ ಮೇಲೆ ಇಳಿಬಿದ್ದಿರುತ್ತೆ. ಹೀರೋ ಎಷ್ಟೇ ಅಳಲಿ, ಹಣೆ ಮೇಲೆ ಒಂದು ಕೊಕ್ಕೆಬಾಲ. ಮರಿಯಿದ್ದಾಗ ಹಿತ್ತಲ ಬಾಗಿಲಿಗೆ ಸಿಕ್ಕಿ ಮುರಿದದ್ದು, ತುದಿ ಹಾಗೇ ಸೊಟ್ಟಗೆ ಕೂಡಿಕೊಂಡಿತು. ಚಿನ್ನು ಎದ್ದು ಬಾಲ ಎತ್ತಿ ಹಿಂದಕ್ಕೆ ಹಾಕ್ತಾಳೆ. ಅದು ಮತ್ತೆ ಇಳಿಬಿಡುತ್ತೆ. ಕರೆಂಟು ಹೋಯ್ತು. ಬೆಕ್ಕಿಗೊಂದೇ ಬೇಜಾರಾದದ್ದು.

ಅದು ಬಂದದ್ದು ನೆನಪಾಯ್ತು. ಗದ್ದೆಯಿಂದ ಹುಲ್ಲಿನ ಗಾಡಿ ಬಂತು. ಹುಲ್ಲು ಇಳಿಸುವಾಗ ಮಧ್ಯದಲ್ಲಿ ಒಂದು ಕಪ್ಪು ಮುದ್ದೆ. ಕಣ್ಣು ಆಗ ತಾನೇ ಬಿಟ್ಟಿತ್ತು. ಚಿನ್ನು ಆಗ ಪುಟ್ಟ ಮಗು, ಎತ್ತಿಕೊಂಡವಳು ಬಿಡಲಿಲ್ಲ. ನಾನು ಬೇಡವೇ ಬೇಡ ಅಂದೆ. ಕೆನೆ ಹಾಲು ಕಾಯೋರು ಯಾರು? ಅತ್ತೆಗೆ ಅಷ್ಟರಲ್ಲಾಗಲೇ ಪೊರೆ ಬಂದು ಬೆಳಕು ಯಾವುದು ಕತ್ತಲೆ ಯಾವುದು ಅಷ್ಟೇ ತಿಳಿಯುತ್ತಿತ್ತು. ಕೇಳಿದರು: 'ಯಾವ್ ಬಣ್ಣದ್ದು? ಕರೀದಾದ್ರೆ ಗೋಣಿಗಾಕಿ ಕೆರೆ ಆಚ್ಗೆ ಬುಟ್ಬುಟ್ಟು ಬನ್ನಿ. ಬೆಳಿಗ್ಗೆದ್ದು ಅದರ್ ಮೊಕ ನೋಡದಾ?'

ಚಿನ್ನು ಬಾಯಿ ಸೊಟ್ಟ ಮಾಡಿದಳು. ಇವರು ಕಣ್ಣು ಮಿಟುಕಿಸದೆ ಅಂದರು: 'ಬಿಳೀದು ಕಣವ್ವ. ಮಲ್ಲಿಗೆ ಊವು ಇದ್ದಂಗದೆ.'

ಅತ್ತೆ ಕೈ ಚಾಚಿದರು. 'ಎಲ್ಲಿ, ತತ್ತಾ ನನ್ ಮಲ್ಲಿಗೇಯ.'

ಅಷ್ಟೇ. ಆವತ್ತಿನಿಂದ ಈ ಮನೆಯಲ್ಲಿ ಮಲ್ಲಿಗೆ ಅಂದರೆ ಇದ್ದಿಲ ಬಣ್ಣ.

ಎರಡನೇ ಸುಳ್ಳು ಬಳೆ ಮಾರಮ್ಮನಿಂದ. ಬಂದು ಕೂತವಳು 'ಅಯ್ಯೋ, ಕರೀ ಬೆಕ್ಕು ಒಳಿಕ್ಕೆ ನುಗ್ತು!' ಅಂತ ಕಿರುಚಿದಳು. ಅತ್ತೆ ಕಿವಿ ನೆಟ್ಟಗಾಯ್ತು. ಇವರು ತಕ್ಷಣ: 'ಅದು ಕುಳ್ಳಯ್ಯನ ಮನೇದು ಕಣವ್ವ, ದಿನಾ ಬತ್ತದೆ.' ಪಕ್ಕದ ಮನೆ ಕುಳ್ಳಯ್ಯ ಜನ್ಮದಲ್ಲಿ ಬೆಕ್ಕು ಸಾಕಿದವನಲ್ಲ. ಅಲ್ಲಿಂದಾಚೆಗೆ ಕೆನೆ ಹೋದರೆ ಕುಳ್ಳಯ್ಯನ ಕರೀ ಬೆಕ್ಕು. ಮೀನು ಹೋದರೆ ಕುಳ್ಳಯ್ಯನ ಕರೀ ಬೆಕ್ಕು. ಮಲ್ಲಿಗೆ ಮಾತ್ರ ಪಾಪದ್ದು, ಕೈಯಲ್ಲಿ ತಿನ್ನಿಸಿದರೆ ಉಂಟು ಇಲ್ಲದಿದ್ದರೆ ಇಲ್ಲ. ಒಂದು ದಿನ ಕುಳ್ಳಯ್ಯ ಇವರನ್ನು ಬೇಲಿ ಹತ್ತಿರ ಕರೆದು ಹೇಳಿದ: 'ಲೇ ಶಿವ, ನಮ್ಮನೇಲಿ ಇಲ್ದಿರೋ ಬೆಕ್ಕುಗೆ ನಾನು ದಿನಾ ಬೈಸ್ಕತಾ ಇವ್ನಿ ಕಣ್ಲಾ. ಒಂದ್ನಾದ್ರೂ ಸಾಕಣ ಅಂದ್ಕಂಡಿವ್ನಿ, ಬೈಸ್ಕಳದಿಕ್ಕೆ ಅರ್ತ ಆದ್ರೂ ಬರ್ಲಿ.'

ಒಳ್ಳೆಯ ಮನುಷ್ಯ. ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.

14-1-97, ಸಂಕ್ರಾಂತಿ

ಎಳ್ಳು ಬೀರಿ ಬಂದೆವು. ಸಂಜೆ ಹಸುಗಳನ್ನು ಕಿಚ್ಚು ಹಾಯಿಸಿದರು. ಮಲ್ಲಿಗೆ ಮೆದೆ ಮೇಲೆ ಕೂತು ನೋಡುತ್ತಿತ್ತು, ತನಗೆ ಇದೆಲ್ಲಾ ಸಂಬಂಧವಿಲ್ಲ ಅನ್ನೋ ಥರ.

ಡೈರಿ ಸೆಕ್ರೆಟರಿ ನರಸಯ್ಯನವರ ಮನೆಗೆ ಫೋನ್ ಬಂತು ಅಂತ ಕರೆದರು. ಓಡಿದೆ. ಅತ್ತೆ! ಪಟ್ಟಿ ಬಿಚ್ಚಿದ್ದಾರೆ. ಕಾಣುತ್ತಿದೆ. ಫೋನಿನಲ್ಲಿ ಕೂಗಿ ಕೂಗಿ ಮಾತಾಡುತ್ತಾರೆ, ಶ್ರೀರಂಗಪಟ್ಟಣದಿಂದ ಹಾಗೇ ಕೇಳಿಸಬೇಕು ಅನ್ನುವಂತೆ.

'ಏನ್ ಹೇಮಾ, ಪುಟ್ಟಲಕ್ಷ್ಮಿ ತಲೆ ಇಷ್ಟ್ ನರ್ತೋಗದೆ, ಒಬ್ಬರಾದ್ರೂ ಯೋಳ್ಬಾರ್ದಾ ನಂಗೆ?... ಬೆಳ್ಳಗಿರದು ಅಂದ್ರೆ ಇಷ್ಟ್ ಬೆಳ್ಳಗಿರ್ತದಾ? ಮರ್ತೇ ಓಗಿತ್ತು ಕಣವ್ವ. ಆಸ್ಪತ್ರೆ ಗೋಡೆ ನೋಡ್ತಿದ್ದಂಗೇ ನನ್ ಮಲ್ಲಿಗೇನೆ ಗ್ಯಾಪ್ಕ ಬಂತು.'

'ಹೂಂ ಅತ್ತೆ' ಅಂದೆ. ಇನ್ನೇನು ಹೇಳಲಿ.

ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಬಂದ ದಿನವೇ ಹೇಳಿಬಿಡುವುದು. ಆದರೆ ಬರೀ ಬಾಯಲ್ಲಿ ಅಲ್ಲ. ಮೊದಲು ಕಣ್ಣು ಮುಚ್ಚಿಕೊಳ್ಳಿ ಅತ್ತೆ ಅಂತ ಹೇಳಿ, ಮಲ್ಲಿಗೆಯನ್ನು ತೊಡೆ ಮೇಲೆ ಬಿಟ್ಟು, ಅದು ಗುರುಗುಟ್ಟೋಕೆ ಶುರು ಮಾಡಿದ ಮೇಲೆ — ಈಗ ಕಣ್ಣು ಬಿಡಿ. ತೊಡೆ ಮೇಲೆ ನಿದ್ದೆ ಹೋಗುವ ಬೆಕ್ಕನ್ನು ಯಾರು ತಾನೇ ತಳ್ಳುತ್ತಾರೆ? ಇವರಿಗೆ ಹೇಳಿದೆ. 'ನಿಂಗೂ ತಲೆ ಓಡ್ತದೆ ಕಣೆ' ಅಂದರು. ಹೊಗಳಿಕೆ ಅಂತಲೇ ಇಟ್ಟುಕೊಂಡಿದ್ದೇನೆ.

16-1-97

ನಿನ್ನೆ ಸಂಜೆಯಿಂದ ಮಲ್ಲಿಗೆ ಮನೆಗೆ ಬಂದಿಲ್ಲ. ಹಾಲು ಕರೆಯುವ ಹೊತ್ತಿಗೂ ಬರಲಿಲ್ಲ. ಆ ಹೊತ್ತು ತಪ್ಪಿಸಿಕೊಂಡದ್ದೇ ಇಲ್ಲ. ಇವರು ಕರೆಯುವಾಗ ಎದುರಿಗೆ ಕೂತು ಬಾಯಿ ತೆರೆಯುತ್ತೆ, ಇವರು ಕೆಚ್ಚಲಿನಿಂದ ನೇರ ಅದರ ಬಾಯಿಗೆ ಒಂದು ಧಾರೆ ಬಿಡುತ್ತಾರೆ. ಅರ್ಧ ಮೀಸೆಗೆ, ಅರ್ಧ ಹೊಟ್ಟೆಗೆ.

ಎಲ್ಲಿಗಾದರೂ ಹೋಗಿರುತ್ತೆ. ಬರುತ್ತೆ.

17-1-97

ಸಿಕ್ಕಿತು. ಮೆದೆ ಹಿಂದೆ.

ಇಲಿ ಪಾಷಾಣ ತಿಂದ ಇಲಿಯನ್ನು ತಿಂದಿದೆ. ಬಾಯಲ್ಲಿ ನೊರೆ. ಭತ್ತ ಒಕ್ಕಣೆ ಕಾಲ, ಎಲ್ಲರ ಕಣದಲ್ಲೂ ಪಾಷಾಣ ಇಟ್ಟಿದ್ದಾರೆ. ಯಾರದು ಅಂತ ಹೇಳೋದು. ಯಾರನ್ನ ಬೈಯೋದು. ಇಲಿ ಭತ್ತ ತಿಂದರೆ ಅವರಾದರೂ ಏನು ಮಾಡುತ್ತಾರೆ.

ಇವರು ಮೆದೆ ಪಕ್ಕದ ನುಗ್ಗೆ ಮರದ ಬುಡದಲ್ಲಿ ಗುಂಡಿ ತೆಗೆದರು. ಉಪ್ಪು ಹಾಕಿದರು. ನಾನು ಅತ್ತೆಯ ಹಳೇ ಸೀರೆ ತುಂಡು ಕೊಟ್ಟೆ, ಅದರಲ್ಲಿ ಸುತ್ತಿ ಇಟ್ಟರು. ಚಿನ್ನು ಸ್ಕೂಲಿಗೆ ಹೋಗಲಿಲ್ಲ. ಕುಳ್ಳಯ್ಯ ಬೇಲಿ ಆಚೆ ನಿಂತಿದ್ದ. 'ನಮ್ಮನೆ ಬೆಕ್ಕು ಓಯ್ತಲ್ಲವ್ವ' ಅಂದ. ಅದಕ್ಕೇ ನನಗೆ ತಡೆಯಲಾಗಲಿಲ್ಲ.

ಬೇಡ ಅಂದವಳು ನಾನು. ಆ ಗಾಡಿ ಹುಲ್ಲಿನ ಮುಂದೆ ನಿಂತು ಬೇಡವೇ ಬೇಡ ಅಂದವಳು. ಈಗ ಅಡುಗೆಮನೆಯಲ್ಲಿ ಕಾಲಿಗೆ ಏನೂ ಅಡ್ಡ ಬರದೇ ಎರಡು ಸಲ ಎಡವಿದೆ.

21-1-97

ಮೂರು ದಿನ ಪುಸ್ತಕ ಮುಟ್ಟಲಿಲ್ಲ.

ಅತ್ತೆ ಏನು ಹೇಳುತ್ತಿದ್ದರು — ಮಲ್ಲಿಗೆ ನಂಗೆ ದಾರಿ ತೋರ್ಸ್ತದೆ ಅಂತ. ಹಿತ್ತಲಿಗೆ ಹೋಗುವಾಗ ಮುಂದೆ ಮುಂದೆ ಮಿಯಾಂವ್ ಅಂತ ಹೋಗುತ್ತೆ, ಆ ದನಿ ಹಿಡಿದು ನಾನು ಹೋಗ್ತೀನಿ ಅಂತ. ನಾನು ಕಂಡಂತೆ ಅದು ದಾರಿ ತೋರಿಸುತ್ತಿರಲಿಲ್ಲ, ಕಾಲಿಗೆ ಅಡ್ಡ ಸಿಕ್ಕುತ್ತಿತ್ತು ಅಷ್ಟೇ. ಒಂದು ಸಲ ಅತ್ತೆ ಬಿದ್ದೂ ಬಿದ್ದರು. ಮಂಡಿ ತರಚಿತ್ತು. ಬಿದ್ದಲ್ಲಿಂದಲೇ 'ಮಲ್ಲಿಗೇ, ನಿಂಗೇನೂ ಆಗ್ಲಿಲ್ವಾ?' ಅಂದರು. ಅದು ದೂರದಲ್ಲಿ ಕೂತು ಪಂಜ ನೆಕ್ಕಿಕೊಳ್ಳುತ್ತಿತ್ತು. ತನ್ನ ತಪ್ಪು ಅಂತ ಒಪ್ಪಿಕೊಂಡದ್ದೇ ಇಲ್ಲ, ಜನ್ಮದಲ್ಲಿ.

ಇಲಿ ಹಿಡಿದರೆ ತಾನು ತಿನ್ನುವ ಮುಂಚೆ ತಂದು ಅತ್ತೆಯ ಹಾಸಿಗೆಯಲ್ಲಿ ಇಡುತ್ತಿತ್ತು. ಮೊದಲ ಸಲ ಮುಟ್ಟಿ ಅತ್ತೆ ಊರು ಕೇಳುವ ಹಾಗೆ ಕೂಗಿದರು. ಆಮೇಲೆ ಅಭ್ಯಾಸವಾಯ್ತು. 'ದುಡ್ದು ತಂದದೆ, ಇಸ್ಕಳಿ' ಅಂತ ಬಾಲ ಹಿಡಿದು ಎತ್ತಿ ಕೊಡುತ್ತಿದ್ದರು.

ಇನ್ನು ಆ ಎಡೆ. ಬರೆಯಲೇಬೇಕು. ಮಾವ ತೀರಿಹೋದ ವರ್ಷದ ಪಿತೃಪಕ್ಷ. ನಡುಮನೆಯಲ್ಲಿ ಎಲೆ ಹಾಕಿ ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿದ್ದೆವು. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಹೊಸ ಪಂಚೆ. ಧೂಪ ಹಾಕಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ. ಹಿರಿಯರು ಬಂದು ಉಣ್ಣುವ ಹೊತ್ತು, ಯಾರೂ ಉಸಿರೆತ್ತಬಾರದು. ಆಮೇಲೆ ಇವರು ಬಾಗಿಲು ತಟ್ಟಿ ತೆಗೆದರು. ತೆಗೆದವರು ಅಲ್ಲೇ ನಿಂತರು. ಎಲೆಯಲ್ಲಿ ಬಾಡಿನ ಒಂದು ತುಂಡಿಲ್ಲ. ಪಕ್ಕದಲ್ಲಿ ಮಲ್ಲಿಗೆ, ಹೊಸ ಪಂಚೆ ಮೇಲೆ ಕೂತು ಮುಖ ತೊಳೆಯುತ್ತಿದೆ. ಯಾವಾಗ ಒಳಗೆ ಸೇರಿತ್ತೋ.

ಹಿಂದಿನಿಂದ ಅತ್ತೆ: 'ಬಂದಿದ್ರಾ? ಎಡೆ ಮುಟ್ಟವ್ರಾ?'

ಇವರು ಗಂಟಲು ಸರಿಮಾಡಿಕೊಂಡರು. 'ಮುಟ್ಟವ್ರೆ ಕಣವ್ವ. ಚೆನ್ನಾಗೇ ಮುಟ್ಟವ್ರೆ.'

'ಏನೇನ್ ಉಂಡವ್ರೆ?'

'ಬಾಡೆಲ್ಲ ಖಾಲಿ. ಮುದ್ದೆ ಅಂಗೇ ಅದೆ. ಕಜ್ಜಾಯ ಮುಟ್ಟಿಲ್ಲ.'

ಅತ್ತೆ ಸೆರಗು ಬಾಯಿಗೊತ್ತಿಕೊಂಡು ಕಣ್ಣೀರು ಹಾಕಿದರು. 'ಅವ್ರೇ ಬುಡು. ಇದ್ದಾಗ್ಲೂ ಅಷ್ಟೇಯ.'

ಆ ಸಂಜೆ ಎಷ್ಟೋ ತಿಂಗಳ ಮೇಲೆ ಅತ್ತೆ ಹೊಟ್ಟೆ ತುಂಬ ಊಟ ಮಾಡಿದರು. ನಾನು ಕೋಪ ಮಾಡಿಕೊಳ್ಳಬೇಕು ಅಂತ ಇದ್ದೆ. ಆಗಲಿಲ್ಲ.

23-1-97

ಫೋನು. ಇನ್ನೊಂದು ವಾರಕ್ಕೆ ಬರುತ್ತಾರಂತೆ. 'ಮಲ್ಲಿಗೆ ಉಂಡ್ತಾ?' ನಾನು ರಿಸೀವರು ಇವರ ಕೈಗೆ ಕೊಟ್ಟುಬಿಟ್ಟೆ. ಇವರು 'ಊಂ ಕಣವ್ವ, ಮೆದೆ ತಾವ್ ಮಲಗದೆ' ಅಂದರು. ಹೇಳಿ ಮುಖ ಆ ಕಡೆ ತಿರುಗಿಸಿದರು. ಸುಳ್ಳೂ ಅಲ್ಲ.

ಡಾಕ್ಟರು ಅಳಬಾರದು ಅಂದಿದ್ದಾರಂತೆ. ಬಗ್ಗಬಾರದು, ಕೆಮ್ಮಬಾರದು, ತಲೆಗೆ ನೀರು ಹಾಕಬಾರದು, ಕಣ್ಣೀರಂತೂ ಬರಲೇಬಾರದು. ಹೊಲಿಗೆ ಹಸಿ ಇದೆಯಂತೆ. ಈಗ ಹೇಳೋದು ಹೇಗೆ? ಹೇಳದೆ ಇರೋದು ಹೇಗೆ?

ಮನೆಗೆ ಬಂದ ಮೇಲೆ ಇವರು ಪ್ಲಾನು ಹಾಕಿದರು. ಇನ್ನೊಂದು ಬೆಕ್ಕು ತರೋದು. ನಾನು ರೇಗಿದೆ. ಬಕೆಟ್ಟು ಒಡೆದರೆ ಇನ್ನೊಂದು ತರ್ತೀವಲ್ಲ ಹಾಗಾ?

'ಕಣ್ ನಿಲ್ಲೋಗಂಟ ಕಣೆ. ಒಂದ್ ತಿಂಗ್ಳು. ಆಮೇಕೆ ನಾನೇ ಕಾಲ್ಗೆ ಬಿದ್ದು ಯೋಳ್ತೀನಿ.'

'ಯಾವ ಬಣ್ಣದ್ದು ತರ್ತೀರಿ?' ಅಂದೆ.

ಆಗ ಇವರಿಗೂ ತಲೆ ಕೆಟ್ಟಿತು. ಕಪ್ಪು ತಂದರೆ ಅತ್ತೆಯ ಕಣ್ಣಿಗೆ ತಪ್ಪು. ಬಿಳಿ ತಂದರೆ ನಮ್ಮ ಕಣ್ಣಿಗೆ ತಪ್ಪು. ಕೊನೆಗೆ ಬಿಳೀದೇ ಅಂತ ಆಯ್ತು. ಅತ್ತೆ ಕಾಯುತ್ತಿರುವುದು ಬಿಳಿಯನ್ನಲ್ಲವೇ.

ನನಗೆ ಮನಸ್ಸಿಲ್ಲ. ಆದರೆ ಆ ಕಣ್ಣಿಗೆ ಏನಾದರೂ ಆದರೆ? ಅದನ್ನು ಹೊರುವ ಧೈರ್ಯವೂ ಇಲ್ಲ.

26-1-97, ಭಾನುವಾರ

ಅಂಗನವಾಡಿಯಲ್ಲಿ ಬಾವುಟ ಹಾರಿಸಿ ಮಕ್ಕಳಿಗೆ ಬೂಂದಿ ಕೊಟ್ಟು ಬಂದೆ. ಮಧ್ಯಾಹ್ನ ಇವರು ಹೊಣಕೆರೆಯಿಂದ ಬಂದರು. ಅಲ್ಲಿ ಇವರ ಸ್ನೇಹಿತ ದೇವರಾಜು ಇದ್ದಾರೆ, ಅವರ ಮನೆಯದು. ಗೋಣಿಚೀಲದಲ್ಲಿ. ಎರಡು ಬಸ್ಸು ಬದಲಾಯಿಸಿ ತಂದಿದ್ದಾರೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೂಗಿತಂತೆ, ಕಂಡಕ್ಟರು ಅದಕ್ಕೂ ಟಿಕೆಟ್ ತಗೋ ಅಂದನಂತೆ.

ಬಿಳಿ. ಅಪ್ಪಟ ಬಿಳಿ. ಚೆಂದವೇ ಇದೆ. ಬಿಟ್ಟ ತಕ್ಷಣ ಮಂಚದ ಕೆಳಗೆ ಹೋಯ್ತು, ಇನ್ನೂ ಬಂದಿಲ್ಲ. ಚಿನ್ನು 'ಅದನ್ನ ಮಲ್ಲಿಗೆ ಅಂತ ಕರೆಯಲ್ಲ, ಕರೆಯಲ್ಲ, ಕರೆಯಲ್ಲ' ಅಂತ ಕಾಲು ಅಪ್ಪಳಿಸಿದಳು. ನಾನೂ ಕರೆಯಲಿಲ್ಲ. ಇವರೊಬ್ಬರೇ ಬಗ್ಗಿ 'ಮಲ್ಲಿಗೇ... ಬಾ ಮಲ್ಲಿಗೇ' ಅಂತ ತಟ್ಟೆ ತೋರಿಸುತ್ತಿದ್ದರು. ಅದಕ್ಕೆ ಏನು ಗೊತ್ತು ಪಾಪ. ಅದೂ ತನ್ನ ಮನೆ ಬಿಟ್ಟು ಬಂದದ್ದು.

29-1-97

ಅತ್ತೆ ಬಂದರು.

ಕರೀ ಕನ್ನಡಕ ಹಾಕಿಕೊಂಡು ಬಸ್ಸಿನಿಂದ ಯಾರ ಕೈಯೂ ಹಿಡಿಯದೆ ಇಳಿದರು. ಬೀದಿಯುದ್ದಕ್ಕೂ ನಿಂತು ನಿಂತು ನೋಡಿದರು. ಮನೆ ಬಾಗಿಲಲ್ಲಿ ಚಿನ್ನುವಿನ ಗಲ್ಲ ಹಿಡಿದು ಎಷ್ಟೋ ಹೊತ್ತು ನೋಡಿದರು. ಕೊನೆಯ ಸಲ ಸರಿಯಾಗಿ ಕಂಡಿದ್ದು ಮೂರು ಅಡಿ ಇರದ ಮಗು. 'ನಮ್ಮವ್ವುನ್ ಮೂಗೇ ಬಂದ್ಬುಟ್ಟದಲ್ಲ ಇವ್ಳ್ಗೆ!' ಆಮೇಲೆ ನನ್ನ ಕಡೆ ತಿರುಗಿ: 'ನೀನ್ಯಾಕವ್ವ ಇಂಗೆ ಒಣಗೋಗಿದ್ದೀಯೆ? ದನಿ ಕೇಳುದ್ರೆ ದಪ್ಪಗಿದ್ದೀಯೆ ಅಂದ್ಕಂಡಿದ್ದೆ.' ನಗು ಬಂತು. ಯಾರೋ ನನ್ನನ್ನು ನೋಡಿದರು ಅನ್ನಿಸಿತು, ಬಹಳ ದಿನದ ಮೇಲೆ.

'ಎಲ್ಲದೆ ನನ್ ಮಲ್ಲಿಗೆ?'

ಇವರು ಬಿಳಿ ಬೆಕ್ಕನ್ನು ತಂದು ತೊಡೆ ಮೇಲೆ ಇಟ್ಟರು. ಚಿನ್ನು ಒಳಗೆ ಓಡಿದಳು. ಅತ್ತೆ ಕನ್ನಡಕ ತೆಗೆದು ನೋಡಿದರು. ಮುಖವೆಲ್ಲ ಅರಳಿತು. 'ಅಯ್ಯ ನನ್ ಕಂದ... ಎಷ್ಟ್ ಬೆಳ್ಳಗದೆ.' ತಲೆ ಮೇಲೆ ಕೈ ಇಟ್ಟರು. ಬೆನ್ನಿನ ಮೇಲೆ ಇಳಿಸಿದರು. ಬಾಲದ ತುದಿಗೆ ಬಂತು ಕೈ. ನಿಂತಿತು. ಮತ್ತೊಂದು ಸಲ ತಲೆಯಿಂದ ಶುರು ಮಾಡಿ ಬಾಲದ ತುದಿಯವರೆಗೆ. ನೆಟ್ಟಗಿನ ಬಾಲ, ಏನು ಮಾಡೋದು.

ಆಮೇಲೆ ಕೈ ತೆಗೆದು ಅಂದರು: 'ಆಲು ಕೊಡ್ರಿ ಅದುಕ್ಕೆ. ಅಸ್ದದೆ.'

ಇವರು ನನ್ನ ಕಡೆ ನೋಡಿ ಗೆದ್ದೆ ಅನ್ನುವಂತೆ ಹುಬ್ಬು ಹಾರಿಸಿದರು. ಈ ಗಂಡಸರಿಗೆ ಬಾಲದ ತುದಿಯಲ್ಲಿ ನಿಂತ ಕೈ ಕಾಣೋದೇ ಇಲ್ಲ.

30-1-97

ಇವರು ಗದ್ದೆಗೆ ಹೋಗಿದ್ದರು, ಬೆಳಿಗ್ಗೆ ನಾನೇ ಹಾಲು ಕರೆಯುತ್ತಿದ್ದೆ. ಕೊಟ್ಟಿಗೆ ಬಾಗಿಲಲ್ಲಿ ಅತ್ತೆ.

'ಎಲ್ಲಿ ಮಡಗಿದ್ರಿ?'

'ಏನು ಅತ್ತೆ?'

'ನನ್ ಮಲ್ಲಿಗೇಯ.'

ಕೈ ನಿಂತುಹೋಯ್ತು. ಅತ್ತೆ ಕೋಪದಲ್ಲಿರಲಿಲ್ಲ. 'ಅವ್ನ್ ಎದ್ರುಗೆ ಕೇಳ್ನಿಲ್ಲ. ಪಾಪ, ನನ್ಗೋಸ್ಕರ ಎಲ್ಲಿಂದ್ಲೋ ಒತ್ಕಂಡ್ ಬಂದವ್ನೆ. ನೀನ್ ತೋರ್ಸು.'

ನುಗ್ಗೆ ಮರದ ಹತ್ತಿರ ಕರೆದುಕೊಂಡು ಹೋದೆ. ಹೇಗಾಯ್ತು ಅಂತ ಹೇಳಿದೆ. ಅಳಬಾರದು ಅತ್ತೆ ಅಂದೆ. 'ಅಳಕಿಲ್ಲ ಬುಡು' ಅಂದರು. ಮುಖ ಆಕಾಶಕ್ಕೆ ಎತ್ತಿ, ಬಾಯಿ ಬಿಗಿಹಿಡಿದು ನಿಂತರು. ಅವರ ಪಾಲಿನದನ್ನೂ ಸೇರಿಸಿ ನಾನೇ ಕಣ್ಣೀರು ಹಾಕಿದೆ.

ಆಮೇಲೆ ಮೆಲ್ಲಗೆ ಕೇಳಿದರು: 'ಒಳ್ಗಿರ ಬೆಕ್ಕಷ್ಟೇ ಬೆಳ್ಳಗಿತ್ತಾ?'

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಂದೂ ಇತ್ತು. ಆದರೆ ಹೂಂ ಅಂದರೆ ಇನ್ನು ಸಾಯುವವರೆಗೂ ಅತ್ತೆ ಮಲ್ಲಿಗೆ ಅಂತ ಆ ಹೊಣಕೆರೆ ಬೆಕ್ಕಿನ ಮುಖವನ್ನೇ ನೆನೆಸಿಕೊಳ್ಳುತ್ತಾರೆ. ನಮ್ಮ ಮಲ್ಲಿಗೆಯ ಮುಖ ಅದಲ್ಲ. ಅದನ್ನು ನನ್ನ ಕೈಲಿ ಒಪ್ಪೋಕೆ ಆಗಲಿಲ್ಲ.

'ಕಪ್ಪು, ಅತ್ತೆ.'

'ಏನು?'

'ಮಲ್ಲಿಗೆ ಕಪ್ಪು. ಪೂರ್ತಿ ಕಪ್ಪು. ಮೊದಲಿನಿಂದಲೂ.'

ಅತ್ತೆ ನನ್ನ ಮುಖವನ್ನೇ ನೋಡಿದರು. ನೋಡಿಸಿಕೊಳ್ಳುವುದು ಕಷ್ಟ, ಅಭ್ಯಾಸ ತಪ್ಪಿದೆ ನಮಗೆ.

'ಅಂಗಾರೆ ಕುಳ್ಳಯ್ಯನ್ ಮನೆ ಬೆಕ್ಕು?'

'ಕುಳ್ಳಯ್ಯನ ಮನೇಲಿ ಬೆಕ್ಕೇ ಇಲ್ಲ.'

'ಆ ಮೀನು?'

'ಅದೇ.'

'ಕೆನೆ?'

'ಅದೇ, ಅತ್ತೆ.'

ಆಮೇಲೆ ಅತ್ತೆಯ ಹೊಟ್ಟೆ ಕುಲುಕೋಕೆ ಶುರುವಾಯ್ತು. ಒಂದು ಕೈ ಕಣ್ಣಿಗೆ, ಒಂದು ಕೈ ನುಗ್ಗೆ ಮರಕ್ಕೆ. 'ಥೂ ನಿಮ್ ಮನೆ ಹಾಳಾಗ... ತೊಡೆ ಮ್ಯಾಲೇ ಕೂರುಸ್ಕಂಡು ಮೂದೇವಿ ಅಂತ ಬೈದಿವ್ನಲ್ಲೇ ಅದ್ನ! ಅದೂ ಬೈಸ್ಕಂಡು ಗುರುಗುರು ಅಂತಿತ್ತಲ್ಲ!' ನಕ್ಕರು, ನಕ್ಕರು. ನಗುತ್ತಲೇ ದನಿ ಒಡೆಯಿತು. 'ಕರೀದು ಅಂತ ಅವತ್ತೇ ಯೋಳಿದ್ರೆ ಗೋಣಿಗಾಕುಸ್ತಿದ್ದೆ. ಅಲ್ವಾ? ಕೆರೆ ಆಚ್ಗೆ ಬುಡುಸ್ತಿದ್ದೆ...'

ಅತ್ತೆಯ ಕೈ ಹಿಡಿದುಕೊಂಡೆ.

ಸಂಜೆ ಕುಳ್ಳಯ್ಯನ ಮನೆಗೆ ತಾವೇ ನಡೆದು ಹೋಗಿ ಒಂದು ಚೆಂಬು ಹಾಲು ಕೊಟ್ಟು ಬಂದರು. ಮಗನಿಗೆ ಮಾತ್ರ ಒಂದು ಮಾತೂ ಬೈಯಲಿಲ್ಲ, ಅದೇ ಇವರಿಗೆ ಶಿಕ್ಷೆ. ಬಿಳಿ ಬೆಕ್ಕು ಇರಲಿ ಅಂದರು. ಅದೂ ಒಂದು ಜೀವ. ಹೆಸರು ಮಾತ್ರ ಬೇರೆ ಇಡಬೇಕಂತೆ. ಎಡೆಯ ವಿಷಯ ನಾನು ಹೇಳಿಲ್ಲ. ಹೇಳುವುದೂ ಇಲ್ಲ.

2-2-97, ಭಾನುವಾರ

ಅತ್ತೆ ಎಲ್ಲವನ್ನೂ ನೋಡುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ. ನನ್ನ ಒಗ್ಗರಣೆಯಲ್ಲಿ ಸಾಸಿವೆ ಸೀದದ್ದು ಕಂಡುಹಿಡಿಯುತ್ತಾರೆ. ಆದರೆ ಸಂಜೆಯಾದರೆ ಕೇಳುವುದು ಒಂದೇ. ಕಣ್ಣು ಯಾವ ಬಣ್ಣ? ಹಳದಿ ಅತ್ತೆ, ಬಿಸಿಲಲ್ಲಿ ಹಸಿರು. ಮೀಸೆ? ಅದೂ ಕಪ್ಪು, ಒಂದು ಮಾತ್ರ ಬಿಳಿ, ಮೈಗೆಲ್ಲ ಅದೊಂದೇ. ಪಂಜದ ಕೆಳಗೆ? ಅಲ್ಲೂ ಕಪ್ಪು, ಕರೀ ದ್ರಾಕ್ಷಿ ಥರ. ಹೇಳುತ್ತೇನೆ. ಹೇಳಿದಷ್ಟೂ ಸಾಲದು.

ಫೋಟೋ ಹುಡುಕಿದೆ. ಚಿನ್ನು ಹುಟ್ಟುಹಬ್ಬದ್ದು, ಮಾವನ ತಿಥಿಯದು, ಎಲ್ಲ ತೆಗೆದು ನೋಡಿದೆ. ಒಂದರಲ್ಲೂ ಇಲ್ಲ. ಸ್ಟುಡಿಯೋದವನು ಪ್ರತಿ ಸಲವೂ ಬೆಕ್ಕನ್ನು ಆಚೆ ಓಡಿಸಿಯೇ ತೆಗೆದದ್ದು.

ಇವತ್ತು ಟಿವಿ ಹಚ್ಚಿದ್ದಾಗ ಅತ್ತೆ ಅಂದರು: 'ಎಲ್ಲಾ ಕಾಣ್ತದೆ ಕಣವ್ವ ಈಗ. ಗೋಡೆ ಮ್ಯಾಲ್ ಇರ ಇರುವೆ ಕಾಣ್ತದೆ. ಯಾವ್ದುನ್ನ ನೋಡ್ಬೇಕು ಅಂತ ಕುಯ್ಸ್ಕಂಡ್ನೋ ಅದೊಂದು ಕಾಣ್ನಿಲ್ಲ.'

ಸ್ವಲ್ಪ ಹೊತ್ತಾದ ಮೇಲೆ: 'ಎಲ್ಲಾದ್ರೂ ಒಂದು ಕರೀ ಬೆಕ್ಕು ಇದ್ರೆ ತೋರ್ಸು. ಸಾಕಕ್ಕಲ್ಲ. ಎಂಗಿರ್ತದೆ ಅಂತ ನೋಡ್ತೀನಿ, ಅಷ್ಟೇಯ.'

4-2-97

ಇವರು ಡೈರಿ ಕ್ಯೂನಲ್ಲಿ ಎಲ್ಲರನ್ನೂ ಕೇಳಿದರಂತೆ, ಯಾರ ಮನೇಲಾದ್ರೂ ಕರೀ ಬೆಕ್ಕು ಅದಾ ಅಂತ. 'ಯಾಕ್ಲಾ, ಯಾರುಗ್ ಮಾಟ ಮಾಡುಸ್ತೀಯೆ?' ಅಂದರಂತೆ. ನಮ್ಮ ಸಿಂಧಘಟ್ಟದಲ್ಲಿ ಒಂದೂ ಇಲ್ಲ. ಇದ್ದದ್ದು ಒಂದೇ, ನಮ್ಮದು.

7-2-97, ಶುಕ್ರವಾರ

ಅತ್ತೆಯ ಕಣ್ಣಿನ ಡ್ರಾಪ್ಸ್ ಮುಗಿದಿತ್ತು. ಕೆ.ಆರ್. ಪೇಟೆಗೆ ಹೋಗಿದ್ದೆವು, ನಾನು ಅತ್ತೆ ಇಬ್ಬರೇ. ಈಗ ತಾನೇ ಬಂದದ್ದು. ಕಾಲು ಕೂಡ ತೊಳೆದಿಲ್ಲ, ಬರೆದುಬಿಡುತ್ತೇನೆ.

ಮೆಡಿಕಲ್ ಸ್ಟೋರಿಂದ ಬಸ್ ಸ್ಟ್ಯಾಂಡ್ ಕಡೆ ಬರುವಾಗ, ಅಡ್ಡರಸ್ತೆಯಲ್ಲಿ, ಒಂದು ಮನೆಯ ಕಾಂಪೌಂಡಿನಿಂದ ದುಡುಕ್ ಅಂತ ಇಳಿಯಿತು. ಕಪ್ಪು. ನಮ್ಮ ಮುಂದೆ, ಎಡದಿಂದ ಬಲಕ್ಕೆ. ಎದುರಿಗೆ ಬರುತ್ತಿದ್ದ ಸೈಕಲಿನವನು ಕಾಲು ಊರಿ ನಿಲ್ಲಿಸಿ ಪಕ್ಕಕ್ಕೆ ಉಗಿದ. ತಲೆ ಮೇಲೆ ಸೊಪ್ಪಿನ ಕುಕ್ಕೆ ಹೊತ್ತವಳು ಬಂದ ದಾರಿಗೇ ತಿರುಗಿದಳು. ಇನ್ನೊಬ್ಬರು ಮುದುಕರು ಗೋಡೆ ಪಕ್ಕ ನಿಂತು, ಬೇರೆ ಯಾರಾದರೂ ಮೊದಲು ದಾಟಲಿ ಅಂತ ಕಾಯುತ್ತಿದ್ದರು. ಬೀದಿ ಬೀದಿಯೇ ನಿಂತುಹೋಯ್ತು.

ಅತ್ತೆಯೂ ನಿಂತರು.

ನಾನು ಕೈ ಹಿಡಿಯೋಕೆ ಹೋದೆ. ಬಿಡಿಸಿಕೊಂಡರು. 'ತಡಿ. ಈ ಕನ್ನಡ್ಕದಲ್ಲಿ ಎಲ್ಲಾ ಕರೀದೇ ಕಾಣ್ತದೆ.' ತೆಗೆದು ನನ್ನ ಕೈಗೆ ಕೊಟ್ಟರು. ಮಧ್ಯಾಹ್ನದ ಬಿಸಿಲು, ಕಣ್ಣಿಗೆ ಹೊಡೆಯುತ್ತೆ ಅತ್ತೆ ಅಂದೆ. ಕೇಳಿಸಿಕೊಳ್ಳಲಿಲ್ಲ.

ಬೆಕ್ಕು ರಸ್ತೆ ಮಧ್ಯದಲ್ಲಿ ನಿಂತು ನಮ್ಮ ಕಡೆ ನೋಡಿತು.

'ಇಂಗಿತ್ತಾ?'

'ಹೂಂ ಅತ್ತೆ. ಇಷ್ಟೇ ಎತ್ತರ. ನಮ್ಮದು ಇನ್ನೂ ಹೊಳೀತಿತ್ತು.'

'ಎಷ್ಟ್ ಚೆನ್ನಾಗದಲ್ಲೇ, ಹೇಮಾ... ಕರೀದು ಇಷ್ಟ್ ಚೆನ್ನಾಗಿರ್ತದಾ?'

ಸೈಕಲಿನವನು ಕೂಗಿದ, 'ಏ ಅಜ್ಜಿ, ಹಿಂದುಕ್ಕೆ ಬಾ, ಅಡ್ಡ ಬಂದದೆ!' ಅಂತ. ಬಗ್ಗಬೇಡಿ, ಡಾಕ್ಟರು ಹೇಳಿದ್ದಾರೆ ಅಂತ ನಾನು ಅನ್ನುವಷ್ಟರಲ್ಲಿ ಅತ್ತೆ ಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಕೈ ಮುಂದೆ ಚಾಚಿ, ಬೆರಳು ಒಂದಕ್ಕೊಂದು ಉಜ್ಜುತ್ತಾ, ಯಾವ ಹೆಸರೂ ಹೇಳದೆ, ಬರೀ 'ಬಾ' ಅಂದರು. ಅದು ಒಂದು ಹೆಜ್ಜೆ ಇಟ್ಟಿತು. ನಿಂತಿತು. ಆಮೇಲೆ ಇನ್ನೊಂದು...